ಗಾಣದ ಬಾಯಿಯ ಅಳತೆ

ಮಾರಮ್ಮನ ಹೊಟ್ಟೆಕಿಚ್ಚು ಎಷ್ಟಿತ್ತೆಂದರೆ, ಅದನ್ನು ತಂದು ಆಲೆಮನೆಯ ಒಲೆಗೆ ಸುರಿದಿದ್ದರೆ ಒಂದು ಕೊಪ್ಪರಿಗೆ ಕಬ್ಬಿನ ಹಾಲು ಕುದಿದು ಬೆಲ್ಲವಾಗುತ್ತಿತ್ತು. ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ಹಾಕುವ ಕೆಲಸವೇ ಇರುತ್ತಿರಲಿಲ್ಲ. ಇದು ಕೇರಿಯವರು ಹೇಳುತ್ತಿದ್ದ ಮಾತು. ಅಷ್ಟೊಂದು ಕಿಚ್ಚು ಒಂದು ಪ್ಲಾಸ್ಟಿಕ್ ಕೈಯ ಮೇಲೆ. ಓರಗಿತ್ತಿ ಬೋರಮ್ಮನ ಬಲಗೈಯ ಮೇಲೆ.

ಇಬ್ಬರೂ ಒಂದೇ ಮನೆಗೆ ಸೊಸೆಯರಾಗಿ ಬಂದವರು. ನಡುವೆ ಒಂದು ಮಣ್ಣಿನ ಗೋಡೆ. ಬೋರಮ್ಮ ದೊಡ್ಡವಳು, ಗಂಡ ಸತ್ತಿದ್ದ. ಮಾರಮ್ಮ ಚಿಕ್ಕವಳು. ಅವಳ ಗಂಡ ಮುದ್ದಯ್ಯ ಬದುಕಿದ್ದ, ಕುಡಿಯುತ್ತಿದ್ದ. ಇಬ್ಬರಿಗೂ ಬಲಗೈ ಇರಲಿಲ್ಲ. ಇಬ್ಬರ ಕೈಯನ್ನೂ ತಿಂದದ್ದು ಒಂದೇ ಗಾಣ.

ಪಾಂಡವಪುರದಿಂದ ಕೆ.ಆರ್.ಪೇಟೆಗೆ ಹೋಗುವ ದಾರಿಯಲ್ಲಿ ನಾಗಾರ್ಜುನಗೌಡನ ಆಲೆಮನೆ. ಮಾಕವಳ್ಳಿ ಸಕ್ಕರೆ ಫ್ಯಾಕ್ಟರಿಗೆ ಹೋಗದೆ ಉಳಿದ ಕಬ್ಬೆಲ್ಲ ಅಲ್ಲಿಗೆ ಬರುತ್ತದೆ. ಗಾಣಕ್ಕೆ ಕಬ್ಬು ಕೊಡುವವಳು ಹಲಗೆಯ ಮೇಲೆ ಕೂರಬೇಕು. ಉದ್ದ ಕಬ್ಬು ಕೊಟ್ಟರೆ ಗಾಣವೇ ಎಳೆದುಕೊಳ್ಳುತ್ತದೆ. ತುಂಡು ಕಬ್ಬಿನದೇ ಕಷ್ಟ. ತುಂಡು ಜಾರುತ್ತದೆ, ಹಿಂದಕ್ಕೆ ನೆಗೆಯುತ್ತದೆ. ಅದನ್ನು ಅಂಗೈಯಿಂದ ಒತ್ತಿ ತಳ್ಳಬೇಕು. ತಳ್ಳದೆ ಬಿಸಾಕಿದರೆ ಗೌಡನ ತಾಯಿ ದೊಡ್ಡತಾಯಮ್ಮ ಅಲ್ಲಿಂದಲೇ ಕೂಗುತ್ತಾಳೆ: "ಯಾರಪ್ಪನ್ ಕಬ್ಬು ಅಂತ ಬಿಸಾಕ್ತಿಯೇ? ತಳ್ಳೇ ಒಳೀಕೆ!"

ಬೋರಮ್ಮ ತಳ್ಳಿದಳು. ತುಂಡು ಹೋಯಿತು, ಬೆರಳು ಹೋಯಿತು, ಅಂಗೈ ಹೋಯಿತು. ಯಾರೋ ಓಡಿಹೋಗಿ ಮೋಟರು ನಿಲ್ಲಿಸುವಷ್ಟರಲ್ಲಿ ಮಣಿಕಟ್ಟು ದಾಟಿತ್ತು. ರೋಲರನ್ನು ಹಿಂದಕ್ಕೆ ತಿರುಗಿಸಿ ಉಳಿದದ್ದನ್ನು ಬಿಡಿಸಿದರು. ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಹೋದರು. ಇಲ್ಲಿ ಗಾಣಕ್ಕೆ ಬಕೆಟ್ಟುಗಟ್ಟಲೆ ನೀರು ಹೊಡೆದರು. ಹೊತ್ತು ಮುಳುಗುವ ಮೊದಲೇ ಗಾಣ ಮತ್ತೆ ತಿರುಗಿತು.

ಹಲಗೆಯ ಮೇಲೆ ಕೂತವಳು ಮಾರಮ್ಮ. ಅವಳನ್ನು ಯಾರೂ ಬಲವಂತ ಮಾಡಿರಲಿಲ್ಲ. ಆ ಜಾಗ ನೆರಳಿನದು. ಉಳಿದ ಹೆಂಗಸರು ಬಿಸಿಲಲ್ಲಿ ಸಿಪ್ಪೆ ಹರವಿ ಒಣಗಿಸುವಾಗ ಬೋರಮ್ಮ ನೆರಳಲ್ಲಿ ಕೂರುತ್ತಾಳಲ್ಲ ಎಂದು ಮಾರಮ್ಮ ಎಷ್ಟೋ ಸುಗ್ಗಿ ಉರಿದುಕೊಂಡಿದ್ದಳು. ಜಾಗ ಸಿಕ್ಕಿತು. ಮುಂದಿನ ಸುಗ್ಗಿಯಲ್ಲಿ ಅವಳ ಕೈಯೂ ಹೋಯಿತು. ಈಗ ಆ ಹಲಗೆಯ ಮೇಲೆ ಅವಳ ಮಗಳು ರಂಜಿತ ಕೂರುತ್ತಾಳೆ. ಮನೆಯಲ್ಲಿ ದುಡಿಯುವ ಕೈ ಇನ್ನು ಯಾರದಿತ್ತು?

ಮಾರಮ್ಮ ಎಡಗೈಯಲ್ಲಿ ಉಣ್ಣುವುದು ಕಲಿತಳು. ಸೆರಗನ್ನು ಹಲ್ಲಲ್ಲಿ ಕಚ್ಚಿ ಸೀರೆ ಉಡುವುದು ಕಲಿತಳು. ಮೊಂಡುಗೈಯ ಕೆಳಗೆ ಪೊರಕೆ ಸಿಕ್ಕಿಸಿ ಕಸ ಹೊಡೆದಳು. ಮುದ್ದೆ ಮಾತ್ರ ಆಗಲಿಲ್ಲ. ಕೋಲನ್ನು ಎರಡು ಕೈಯಲ್ಲೂ ಹಿಡಿದು, ಭುಜದ ಬಲ ಹಾಕಿ ತಿರುವಿದರೆ ಮುದ್ದೆ. ಒಂದು ಕೈಯಲ್ಲಿ ತಿರುವಿದರೆ ಗಂಟು.

"ಇದೇನಮ್ಮಿ, ಮುದ್ದೆನೋ ಗೋಲಿಗುಂಡೋ?" ಎನ್ನುತ್ತಿದ್ದ ಮುದ್ದಯ್ಯ.

"ಎಲ್ಡ್ ಕೈ ಮಡಿಕಂಡಿದೀಯಲ್ಲ, ಬಾ, ನೀನೇ ತಿರುವು."

ಅವನು ಬರುತ್ತಿರಲಿಲ್ಲ. ಗಂಟನ್ನೇ ನುಂಗಿ ಎದ್ದು ಹೋಗುತ್ತಿದ್ದ. ಅದಕ್ಕೇ ಮಾರಮ್ಮನಿಗೆ ಒಂದು ಕೈ ಬೇಕಿತ್ತು. ಎಂಥದ್ದಾದರೂ ಸರಿ, ಕೋಲು ಹಿಡಿಯುವಂಥ ಒಂದು ಕೈ.

ಕೈ ಕೊಡುವವರು ಬೆಂಗಳೂರಿನಿಂದ ಬಂದರು. ಅದೊಂದು ಟ್ರಸ್ಟು. ಪಾಂಡವಪುರದಲ್ಲಿ ಛತ್ರ ಹಿಡಿದು ಕ್ಯಾಂಪು ಮಾಡಿದರು. ಛತ್ರ ನಾಗಾರ್ಜುನಗೌಡನದು. ಊಟವೂ ಅವನದೇ. ಕ್ಯಾಂಪಿನ ಯಜಮಾನಿಕೆ ರಘುನಂದನ್ ಎಂಬುವವನದು. ಬಿಳಿ ಬಟ್ಟೆ, ಕೊರಳಲ್ಲಿ ಕ್ಯಾಮೆರಾ, ಬಾಯಲ್ಲಿ 'ಅಮ್ಮಾ' ಬಿಟ್ಟರೆ ಬೇರೆ ಮಾತಿಲ್ಲ. ಕೈ ಕೂರಿಸುವವಳು ಅನು ಎಂಬ ಎಳೆಯ ಡಾಕ್ಟರು. ಅವಳ ಬೆರಳು ಮೆತ್ತಗಿದ್ದವು. ಮೊಂಡುಗೈ ಮುಟ್ಟುವಾಗ ಅವಳು ಮುಖ ಕಿವುಚಲಿಲ್ಲ. ಅದನ್ನು ಮಾರಮ್ಮ ಗಮನಿಸಿದಳು.

ಓರಗಿತ್ತಿಯರ ಸರದಿ ಬರುವ ಹೊತ್ತಿಗೆ ಚೀಲದಲ್ಲಿ ಉಳಿದದ್ದು ಒಂದೇ ಬಲಗೈ.

"ಇಬ್ಬರಿಗೂ ಕೂರುತ್ತೆ ಸರ್," ಎಂದಳು ಅನು. "ಯಾರಿಗೆ ಹಾಕಲಿ?"

ರಘುನಂದನ್ ಇಬ್ಬರ ಮುಖವನ್ನೂ ನೋಡಿದ. ಸಂತೆಯಲ್ಲಿ ಹೋರಿ ನೋಡುವ ಹಾಗೆ ನೋಡಿದ.

"ಅಮ್ಮಾ, ನಿಮ್ಮ ಯಜಮಾನರು?"

"ಬದ್ಕವ್ನೆ ಸಾ," ಎಂದಳು ಮಾರಮ್ಮ.

"ನಿಮ್ಮವರಮ್ಮಾ?"

"ಇಲ್ಲ ಸಾ, ತೀರ್ಕಂಡ್ರು," ಎಂದಳು ಬೋರಮ್ಮ.

ರಘುನಂದನನ ಮುಖಕ್ಕೆ ಬಲ್ಬು ಹಾಕಿದಂತಾಯಿತು. "ಛೆ ಛೆ ಛೆ" ಎಂದ. ಎನ್ನುತ್ತಲೇ ಕ್ಯಾಮೆರಾ ಎತ್ತಿದ.

ಮಾರಮ್ಮ ಅಡ್ಡ ಬಂದಳು. "ಸಾ, ನನ್ ಗಂಡನೂ ಇದ್ದೂ ಸತ್ತಂಗೇಯ. ಬೇಕಾರೆ ಬಂದ್ ನೋಡಿ. ಒತ್ತಾರೆ ಮೂಗಿನ್ ಮುಂದೆ ಬೆರಳಿಟ್ರೆ ಉಸ್ರೇ ಬರಕಿಲ್ಲ!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ರಘುನಂದನನೂ ನಕ್ಕ. ನಕ್ಕು, ಕೈಯನ್ನು ಬೋರಮ್ಮನಿಗೆ ಹಾಕಿಸಿದ.

ಆಮೇಲೆ ವೇದಿಕೆ. ನಾಗಾರ್ಜುನಗೌಡ ಎದ್ದು ಬಂದು ಬೋರಮ್ಮನ ಹೊಸ ಕೈ ಹಿಡಿದು ಕುಲುಕಿದ. ಛತ್ರದಲ್ಲಿದ್ದ ಕೇರಿಯವರು ಕತ್ತು ಚಾಚಿ ನೋಡಿದರು. ಈ ಗೌಡ ಕೂಲಿ ಕೊಡುವಾಗ ಮೇಲಿನಿಂದ ಅಂಗೈಗೆ ಬೀಳಿಸುವವನು. ಅವನ ಅಪ್ಪ ನೆಲದ ಮೇಲಿಡುತ್ತಿದ್ದ. ಮಗ ಅಷ್ಟು ಮುಂದುವರಿದಿದ್ದ. ಫೋಟೋ ತೆಗೆದರು. ವಾರ ಕಳೆಯುವುದರೊಳಗೆ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸು ಎದ್ದಿತು. ಗೌಡ ನಗುತ್ತಿದ್ದ, ಬೋರಮ್ಮ ಅಳುತ್ತಿದ್ದಳು, ನಡುವೆ ಪ್ಲಾಸ್ಟಿಕ್ ಕೈ ಹೊಳೆಯುತ್ತಿತ್ತು.

ಅವತ್ತು ಮನೆಗೆ ಬಂದವಳೇ ಮಾರಮ್ಮ ಮುದ್ದಯ್ಯನ ಮೇಲೆ ಬಿದ್ದಳು. "ಒಂದಿನದ ಮಟ್ಟಿಗಾದ್ರೂ ಸಾಯಕಾಗ್ನಿಲ್ವಾ ನಿಂಗೆ? ಒಂದ್ ಕೈ ಸಿಕ್ತಿತ್ತಲ್ಲೋ ನಂಗೆ!"

ಮುದ್ದಯ್ಯ ಕಂಬಳಿ ಸರಿಸಿ ನೋಡಿದ. "ಮುಂದ್ಲೊರ್ಸ ಸಾಯ್ತಿನಿ ಬುಡಮ್ಮಿ" ಎಂದು ಮತ್ತೆ ಮುಸುಕೆಳೆದ.

ಆ ವರ್ಷವಿಡೀ ಮಾರಮ್ಮ ಉರಿದಳು. ಟ್ರಸ್ಟಿನ ವ್ಯಾನು ಕೇರಿಗೆ ಬರುವುದು, ಬೋರಮ್ಮ ಹತ್ತುವುದು. ಒಂದು ದಿನ ಶ್ರೀರಂಗಪಟ್ಟಣದಲ್ಲಿ ಸಭೆ. ಇನ್ನೊಂದು ದಿನ ನಾಗಮಂಗಲದಲ್ಲಿ. ನಾಗಮಂಗಲ ಮಾರಮ್ಮನ ತವರು. ತನ್ನ ತವರಿನಲ್ಲಿ ತನ್ನ ಓರಗಿತ್ತಿಗೆ ಶಾಲು ಹೊದಿಸಿದರು ಎಂಬುದನ್ನು ಅವಳ ಅಣ್ಣನೇ ಫೋನು ಮಾಡಿ ಹೇಳಿದ. "ನಿಂಗ್ಯಾಕಮ್ಮಿ ಕೊಡ್ನಿಲ್ಲ? ನಿಂದೂ ಓಗೈತಲ್ಲ?" ಎಂದ. ಮಾರಮ್ಮ ಫೋನನ್ನು ಸೌದೆ ರಾಶಿಯ ಮೇಲೆ ಎಸೆದಳು.

ಒಂದು ಬೆಳಗ್ಗೆ ನೀರಿನ ತೊಂಬೆಯ ಹತ್ತಿರ ಮಾತಿಗೆ ಮಾತು ಬೆಳೆಯಿತು.

"ಕೈ ಬಂದ್ಮೇಲೆ ಕಾಲು ನೆಲದ್ ಮ್ಯಾಲೆ ನಿಲ್ತಾ ಇಲ್ಲ ಕೆಲವ್ರದ್ದು," ಎಂದಳು ಮಾರಮ್ಮ, ಯಾರನ್ನೂ ನೋಡದೆ.

ಬೋರಮ್ಮ ಬಿಂದಿಗೆ ಕೆಳಗಿಟ್ಟಳು. "ಬಾರಮ್ಮಿ ಇಲ್ಲಿ. ನೋಡು ಈ ಕೈಯ. ಮುದ್ದೆ ತಿರುವಕ್ಕೋದೆ. ಒಲೆ ಜಳಕ್ಕೆ ಎಬ್ಬೆಟ್ಟು ಮಣ್ಕೊಬುಡ್ತು."

ನಿಜವಾಗಿಯೂ ಹೆಬ್ಬೆರಳು ಸೊಟ್ಟಗಾಗಿತ್ತು.

"ಕುಡ್ಲು ಇಡಿಯಾಕಾಗಲ್ಲ. ಎಮ್ಮೆ ಕರಿಯಾಕಾಗಲ್ಲ. ಬೆಲ್ಟು ಬೆವ್ತು ಬೆವ್ತು ಮೊಂಡೆಲ್ಲ ಹುಣ್ಣು. ಪೆನ್ನು ಇಡೀತದಂತೆ. ನಾನ್ ಯಾರ್ಗೆ ಕಾಗ್ದ ಬರೀಲವ್ವ?"

"ಅಂಗಾದ್ರೆ ನಂಗ್ ಕೊಟ್ಬುಡು."

"ತಗೋ. ಆದ್ರೆ ವ್ಯಾನ್ ಬಂದಾಗ ನೀನೇ ಅತ್ಬೇಕು. ಅರ್ದೋಗಿರೋ ಸೀರೆನೇ ಉಟ್ಕಬೇಕು. ಒಸಾ ಸೀರೆ ಉಟ್ಟಿದ್ದಕ್ಕೆ ಒಂದಿನ ವಾಪಸ್ ಕಳ್ಸವ್ರೆ. ಒಸಬ್ರು ಬಂದಾಗೆಲ್ಲ ಗಂಡ ಎಂಗ್ ಸತ್ತ, ಕೈ ಎಂಗೋಯ್ತು ಅಂತ ಏಳ್ಬೇಕು. ಅಳ್ಬೇಕು. ಒಂದ್ಸಲ ಅಳು ಬರ್ನಿಲ್ಲ. ನೀರ್ ಕುಡ್ದು ಬನ್ನಿ ಅಂದ್ರು."

ಮಾರಮ್ಮ ನಂಬಲಿಲ್ಲ. ಸಿಹಿ ತಿನ್ನುತ್ತಿರುವವಳು ಕಹಿ ಕಹಿ ಎಂದರೆ ಯಾರು ನಂಬುತ್ತಾರೆ?

"ಮೊನ್ನೆ ಗೌಡ್ರ ಮನೆತಾವ ಕರದ್ರು," ಬೋರಮ್ಮ ದನಿ ತಗ್ಗಿಸಿದಳು. "ಬೆಂಗ್ಳೂರೋರು ಬಂದಿದ್ರು. ದೊಡ್ಡತಾಯವ್ವ ಸ್ಟೀಲ್ ಲೋಟದಲ್ಲಿ ಕಾಪಿ ತಂದು ಈ ಕೈಗೇ ಕೊಟ್ರು. ಇದು ಪಿಲಾಸ್ಟಿಕ್ಕು, ಮೈಲಿಗೆ ಆಗಾಕಿಲ್ಲ ಅಂದ್ರು. ನಾನು ಎಡಗೈ ಆನಿಸ್ಕಳಕ್ಕೋದೆ. ಅದ್ರಲ್ಲಿ ಮುಟ್ಬ್ಯಾಡ ಕನೇ, ಅದು ನಿಂದು ಅಂದ್ರು."

ಹೇಳಿ ಬೋರಮ್ಮ ನಕ್ಕಳು. ನಗು ಬಾಯಿಯಿಂದ ಮೇಲೆ ಹತ್ತಲಿಲ್ಲ. ಮಾರಮ್ಮನಿಗೆ ಅದು ಕಾಣಲಿಲ್ಲ. ಅವಳಿಗೆ ಕೇಳಿಸಿದ್ದು ಸ್ಟೀಲ್ ಲೋಟ. ಗೌಡರ ಮನೆಯ ಸ್ಟೀಲ್ ಲೋಟ! ತಾನು ಈ ಊರಿಗೆ ಬಂದಾಗಿನಿಂದ ಕುಡಿದದ್ದು ಮೊದಲು ತೆಂಗಿನ ಚಿಪ್ಪಿನಲ್ಲಿ, ಈಗ ಪೇಪರ್ ಲೋಟದಲ್ಲಿ. ಅವತ್ತು ಇಡೀ ದಿನ ಅವಳ ಬಾಯಿಗೆ ಅನ್ನ ಸೇರಲಿಲ್ಲ.

ಮರುವರ್ಷ ಕ್ಯಾಂಪಿನ ಸುದ್ದಿ ಬಂದಾಗ ಮಾರಮ್ಮ ತಯಾರಾದಳು. ಮದುವೆಗೂ ಅಷ್ಟು ತಯಾರಾಗಿರಲಿಲ್ಲ. ಮುದ್ದಯ್ಯನಿಗೆ ಬಸ್ಸಿನ ದುಡ್ಡು ಕೊಟ್ಟು ಕೆ.ಆರ್.ಎಸ್.ನಲ್ಲಿರುವ ಅವನ ಅಕ್ಕನ ಮನೆಗೆ ಅಟ್ಟಿದಳು. ಚೆನ್ನಾಗಿದ್ದ ಸೀರೆಯನ್ನು ಬೇಲಿಗೆ ಸಿಕ್ಕಿಸಿ ಎಳೆದಳು. ಬೋರಮ್ಮನೇ ಗೋಡೆಯಾಚೆಯಿಂದ ಹೇಳಿಕೊಟ್ಟಳು: "ಮೊದ್ಲೇ ಅಳ್ಬ್ಯಾಡ ಕಣಮ್ಮಿ. ಕ್ಯಾಮ್ರದಲ್ಲಿ ಕೆಂಪ್ ದೀಪ ಅತ್ಕಬೇಕು, ಆಗ ಅಳು. ಇಲ್ದಿದ್ರೆ ಇನ್ನೊಂದ್ಸಲ ಅಳಿಸ್ತಾರೆ."

ಕ್ಯಾಂಪಿನಲ್ಲಿ ಮಾರಮ್ಮ ಕಥೆ ಹೇಳಿದ್ದನ್ನು ಕೇಳಬೇಕಿತ್ತು. ಗಂಡ ಕರಿಘಟ್ಟದ ಬೆಟ್ಟಕ್ಕೆ ಹರಕೆ ತೀರಿಸಲು ಹೋದ, ಇಳಿಯುವಾಗ ಹೊಳೆಯಲ್ಲಿ ಕೊಚ್ಚಿ ಹೋದ, ಹೆಣವೂ ಸಿಗಲಿಲ್ಲ, ಚಪ್ಪಲಿ ಮಾತ್ರ ಸಿಕ್ಕಿತು ಎಂದಳು. ಚಪ್ಪಲಿಯ ಹತ್ತಿರ ಬರುವಾಗ ಅವಳಿಗೆ ನಿಜವಾಗಿಯೇ ಅಳು ಬಂತು. ರಘುನಂದನ್ ಕಣ್ಣು ಒರೆಸಿಕೊಂಡ. ಅಷ್ಟರಲ್ಲಿ ಊಟದ ಸಾಲಿನಿಂದ ಒಂದು ದನಿ: "ಮಾರೀ! ಎಲೆ ಇಡ್ದಿವ್ನಿ ಬಾ, ಪಾಯ್ಸ ಐತೆ!"

ಮುದ್ದಯ್ಯ. ಬಸ್ಸಿನ ದುಡ್ಡು ಪಾಂಡವಪುರದಲ್ಲೇ ಮುಗಿದಿತ್ತು.

ರಘುನಂದನ್ ಮುದ್ದಯ್ಯನನ್ನು ನೋಡಿದ, ಮಾರಮ್ಮನನ್ನು ನೋಡಿದ, ಕ್ಯಾಮೆರಾ ನೋಡಿದ.

"ಇರಲಿ ಬಿಡಿ," ಎಂದ. "ವಿಡಿಯೋ ಚೆನ್ನಾಗಿ ಬಂದಿದೆ."

ಕೈ ಸಿಕ್ಕಿತು. ಅನು ಡಾಕ್ಟರು ಬೆಲ್ಟು ಬಿಗಿಯುತ್ತಾ ಮೆಲ್ಲಗೆ ಕೇಳಿದಳು, "ನಿಮ್ಮದೂ ಅದೇ ಆಲೆಮನೇನಾ ಅಮ್ಮ?"

"ಊಂ ಕಣವ್ವ. ಅದೇ ಗಾಣ."

"ಹೋದ ಸಲ ಇಬ್ಬರು. ಈ ಸಲ ಪಕ್ಕದೂರಿನವರೂ ಅದೇ ಹೆಸರು ಹೇಳಿದ್ರು."

"ಅದ್ಕೆ ಒಂದ್ ಮಾತ್ ಏಳ್ಬಾರ್ದೇನವ್ವ ಗೌಡ್ರಿಗೆ? ನೀನ್ ಓದ್ದೋಳು. ನಿನ್ ಮಾತ್ ಕೇಳ್ತಾರೆ."

ಅನುವಿನ ಬೆರಳು ಬೆಲ್ಟಿನ ಮೇಲೆ ನಿಂತವು. "ಹೋದ ವರ್ಷವೇ ಕೇಳಿದೆ ಅಮ್ಮ, ನಮ್ಮ ಸರ್ ಹತ್ರ. ನಾವು ಕೈ ಕೊಡೋಕೆ ಬಂದಿರೋದು, ಜಗಳಕ್ಕಲ್ಲ ಅಂದ್ರು. ಗೌಡರು ಬೇಜಾರಾದ್ರೆ ಛತ್ರ ಇಲ್ಲ, ಕ್ಯಾಂಪೂ ಇಲ್ಲ. ಆಗ ನಿಮಗೆ ಈ ಕೈಯೂ ಇಲ್ಲ. ನಾನೇನು ಮಾಡಲಿ?"

ಮಾರಮ್ಮನಿಗೆ ಆ ಕ್ಷಣ ಬೇರೇನೂ ಬೇಕಿರಲಿಲ್ಲ. ಕೈ ಇತ್ತಲ್ಲ. ಎತ್ತಿದಳು, ಇಳಿಸಿದಳು. ದೂರದಲ್ಲಿ ನಿಂತಿದ್ದ ಬೋರಮ್ಮನಿಗೆ ಕಾಣುವ ಹಾಗೆ ಇನ್ನೊಮ್ಮೆ ಎತ್ತಿದಳು. ಬೋರಮ್ಮನ ಕೈಯ ಬಣ್ಣ ಮಾಸಿತ್ತು. ಇದು ಹೊಚ್ಚ ಹೊಸದು. ಒಂದು ವರ್ಷದ ಉರಿಗೆ ತಣ್ಣೀರು ಹೊಯ್ದಂತಾಯಿತು.

ವೇದಿಕೆಯ ಮೇಲೆ ಅವಳಿಗೆ ಕುರ್ಚಿ ಹಾಕಿದರು. ರಘುನಂದನ್ ಮೈಕು ಹಿಡಿದ.

"ಈ ವರ್ಷ ಒಂದು ಸಂತೋಷದ ಸುದ್ದಿ. ಕಳೆದ ಸಲ ಕೈ ಸಾಲದೆ ಕೆಲವರು ನೊಂದು ಹೋದರು. ಇನ್ನು ಹಾಗಾಗಲ್ಲ. ನಮ್ಮ ಭಾಗದ ಗಾಣಗಳಲ್ಲಿ ದುಡಿಯೋ ಎಲ್ಲ ಸೋದರಿಯರ ಕೈ ಅಳತೆ ಇವತ್ತೇ ತಗೊಳ್ತೀವಿ. ನಾಳೆ ಯಾರಿಗಾದರೂ ಏನಾದರೂ ಆದರೆ, ಅವರ ಅಳತೆಯ ಕೈ ಮೊದಲೇ ರೆಡಿ ಇರುತ್ತೆ! ಆ ಕೈಗಳ ಮೊದಲ ಪೆಟ್ಟಿಗೆಯನ್ನ ನಾಗಾರ್ಜುನಗೌಡರ ಆಲೆಮನೆಗೇ ಕೊಡ್ತಿದ್ದೇವೆ."

ಚಪ್ಪಾಳೆ ಬಿತ್ತು. ನಾಗಾರ್ಜುನಗೌಡ ಎದ್ದು ಕೈಮುಗಿದ. "ಇನ್ಮ್ಯಾಕೆ ಯಾರೂ ಎದ್ರಬ್ಯಾಡಿ. ಧೈರ್ಯವಾಗಿ ಕೆಲ್ಸ ಮಾಡಿ. ಕೈಗೆ ನಾವಿದೀವಿ."

ಹೆಂಗಸರು ಸಾಲು ನಿಂತರು. ಬಳೆಗಾರ ಬಂದಾಗ ನಿಲ್ಲುವ ಹಾಗೇ ನಿಂತರು, ಒಬ್ಬರನ್ನೊಬ್ಬರು ತಳ್ಳಾಡುತ್ತಾ. ಅನು ಟೇಪು ಹಿಡಿದು ಒಬ್ಬೊಬ್ಬರ ಬಲಗೈ ಅಳೆದಳು. ಮಣಿಕಟ್ಟು. ಅಂಗೈ. ನಡುಬೆರಳು.

ರಂಜಿತಳ ಸರದಿ ಬಂತು. ಅವಳು ಅಂಗೈ ಚಾಚಿದಳು.

"ಮೇಡಂ, ನಂಗೆ ವಸಿ ಬೆಳ್ಗಿರೋ ಕಲರ್‌ದು ಆಕ್ಸಿ," ಎಂದಳು. ಗೆಳತಿಯರು ಗೊಳ್ಳೆಂದರು.

ವೇದಿಕೆಯ ಮೇಲಿಂದ ಮಾರಮ್ಮ ನೋಡಿದಳು. ಮಗಳ ಕೈ. ಅದರ ಬಿಸಿ ಅವಳಿಗೆ ಗೊತ್ತು. ಅದು ಎಳೆಗೂಸಾಗಿದ್ದಾಗ ಮುಷ್ಟಿ ಬಿಗಿದು ಇವಳ ತಾಳಿದಾರ ಎಳೆಯುತ್ತಿದ್ದ ಕೈ. ಅದರ ಮಣಿಕಟ್ಟಿನ ಸುತ್ತ ಟೇಪು ಸುತ್ತುತ್ತಿತ್ತು. ಅನು ಬಾಯಲ್ಲೇ ಅಳತೆ ಹೇಳಿಕೊಳ್ಳುತ್ತಿದ್ದಳು. ಉಸಿರು ಹೋಗುವ ಮೊದಲೇ ಚಟ್ಟ ಕಟ್ಟಿಡುವ ಹಾಗೆ, ಹೋಗುವ ಕೈಗೆ ಎಲ್ಲ ಸಿದ್ಧವಾಗಿತ್ತು. ಹೋಗುವುದೊಂದೇ ಬಾಕಿ.

ಮಾರಮ್ಮನ ಇಲ್ಲದ ಬೆರಳುಗಳು ನೋಯತೊಡಗಿದವು. ಇಲ್ಲದ ಐದೂ ಬೆರಳು ಒಟ್ಟಿಗೆ.

ಅಷ್ಟರಲ್ಲಿ ಫೋಟೋಗೆ ಕರೆದರು. ನಾಗಾರ್ಜುನಗೌಡ ಬಂದು ಕೈ ಚಾಚಿದ. ಮಾರಮ್ಮ ಎದ್ದಳು. ಮೊಂಡುಗೈ ಮೇಲೆತ್ತಿ ಬೆಲ್ಟನ್ನು ಹಲ್ಲಲ್ಲಿ ಕಚ್ಚಿದಳು. ಎಳೆದಳು. ಪ್ಲಾಸ್ಟಿಕ್ ಕೈ ಕಳಚಿ ಬಂತು. ಅದನ್ನು ಗೌಡನ ಅಂಗೈಯಲ್ಲಿಟ್ಟಳು.

"ತಗಳಿ ಬುದ್ಧಿ. ಕುಲುಕ್ಕಳಿ."

ಗೌಡ ಆಳಿಲ್ಲದ ಕೈ ಹಿಡಿದು ನಿಂತ. ಕ್ಯಾಮೆರಾದವನು ಒತ್ತಿಬಿಟ್ಟಿದ್ದ.

"ಅಮ್ಮಾ, ಏನಿದು, ಕೂತ್ಕೊಳಿ ಅಮ್ಮಾ," ರಘುನಂದನ್ ಓಡಿ ಬಂದ. "ಕೈ ಟೈಟ್ ಆಯ್ತಾ? ಬೇರೆ ಕೊಡಿಸ್ತೀನಿ."

"ಬ್ಯಾಡ."

"ನೀವೇ ತಾನೇ ಅಳ್ತಾ ಕೇಳಿದ್ದು?"

"ಕೇಳ್ದೆ. ಎಲ್ಡೊರ್ಸ ಕೇಳ್ದೆ. ಸುಳ್ಳೇಳಿ ಗಂಡನ್ನ ಸಾಯ್ಸಿ ಕೇಳ್ದೆ. ಈಗ ಬ್ಯಾಡ ಅಂತಿವ್ನಿ."

ಕೆಳಗಿಳಿದಳು. ಸಾಲನ್ನು ಸೀಳಿಕೊಂಡು ಹೋದಳು. ಎಡಗೈಯಲ್ಲಿ ಮಗಳ ರಟ್ಟೆ ಹಿಡಿದು ಟೇಪಿನಿಂದ ಕಿತ್ತಳು.

"ಅವ್ವಾ! ಬುಡವ್ವ, ಎಲ್ರೂ ನೋಡ್ತಾವ್ರೆ!"

"ನೋಡ್ಲಿ."

ಅನು ಟೇಪು ಹಿಡಿದು ಹಾಗೇ ಕೂತಿದ್ದಳು. ಮಾರಮ್ಮ ಅವಳ ಮುಂದೆ ಬಗ್ಗಿದಳು. ಬೈಯಲಿಲ್ಲ. ಕೇಳಿದಳು.

"ಎಲ್ಲಾರ್ ಕೈ ಅಳತೆ ತಗಂಡಲ್ಲವ್ವ, ಗಾಣದ್ ಬಾಯಿ ಅಳತೆ ಯಾಕ್ ತಗಳ್ನಿಲ್ಲ? ಒಂದ್ ಕಬ್ಬಿನ್ ಜಲ್ಲೆ ಓಗೋವಷ್ಟು ಸಂದಿ ಬುಟ್ಟು ಉಳ್ದಿದ್ದಕ್ಕೆ ತಗಡು ಒಡುದ್ರೆ ಯಾವ್ ಕೈ ಓದಾತು? ಈ ಪೆಟ್ಗೆ ಕೈ ಯಾವೋಳ್ಗೆ ಬೇಕಾದಾತು?"

ಅನು ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಹಿಂದಿನಿಂದ ರಘುನಂದನ್ "ಆಫ್ ಮಾಡು, ಆಫ್ ಮಾಡು" ಎನ್ನುವುದು ಕೇಳುತ್ತಿತ್ತು. ಬೋರಮ್ಮ ಗುಂಪಿನಿಂದ ಈಚೆ ಬಂದಳು. ತನ್ನ ಸೊಟ್ಟ ಹೆಬ್ಬೆರಳಿನ ಕೈಯನ್ನು ಬಿಚ್ಚಿ ಮೇಜಿನ ಮೇಲೆ, ಪೆನ್ನುಗಳ ಪಕ್ಕ ಇಟ್ಟಳು. ಮೂವರೂ ಹೊರಗೆ ನಡೆದರು. ಮುದ್ದಯ್ಯ ಪಾಯಸದ ಲೋಟ ಹಿಡಿದು ಅವರ ಹಿಂದೆ ಓಡಿದ.

ಮರುದಿನ ಬೆಳಗ್ಗೆ ಗಾಣ ತಿರುಗಲಿಲ್ಲ. ಹೊತ್ತು ಹುಟ್ಟುವ ಮೊದಲೇ ಓರಗಿತ್ತಿಯರಿಬ್ಬರೂ ಹೋಗಿ ಆ ಹಲಗೆಯ ಮೇಲೆ, ಗಾಣಕ್ಕೆ ಬೆನ್ನು ಕೊಟ್ಟು ಕೂತಿದ್ದರು.

"ಏಳ್ರಮ್ಮಿ ಮ್ಯಾಕೆ! ಕಡ್ದಿರೋ ಕಬ್ಬು ಉಳಿ ಬತ್ತದೆ!" ನಾಗಾರ್ಜುನಗೌಡನ ಕೊರಳ ನರ ಉಬ್ಬಿತ್ತು.

"ಬರ್ಲಿ ಬುದ್ಧಿ," ಎಂದಳು ಬೋರಮ್ಮ. "ತಗಡು ಒಡ್ಸಿ. ಮೋಟ್ರು ಸ್ವಿಚ್ಚು ಈ ಹಲ್ಗೆ ಪಕ್ಕ ತಂದಿಡಿ. ತುಂಡು ಕಬ್ಬ ಎಮ್ಮೆಗಾಕಿ. ಎದ್ದೋಗ್ತೀವಿ."

"ತಗಡು ಒಡುದ್ರೆ ಗಾಣ ನಿದಾನ ಆಯ್ತದೆ!"

"ಆಗ್ಲಿ."

"ಕೈ ಕೊಡ್ಸಿದೋರ್ಗೇ ತಿರುಗ್ ಬೀಳ್ತೀರೇನ್ರೇ? ಉಪಕಾರ ಇಲ್ದೋರು!" ದೊಡ್ಡತಾಯಮ್ಮ ಕೂಗಿದಳು.

"ಕೊಡ್ಸಿದ್ದು ಯಾವ್ ಕೈ, ತಗಂಡಿದ್ದು ಯಾವ್ ಕೈ, ಎಲ್ಡೂ ಪಕ್ಕ ಪಕ್ಕ ಇಟ್ ನೋಡವ್ವ," ಎಂದಳು ಮಾರಮ್ಮ.

ಗೌಡ ಬೇರೆ ಹೆಂಗಸರನ್ನು ಕರೆದ. ಯಾರೂ ಮುಂದೆ ಬರಲಿಲ್ಲ. ಹೋಗಲೂ ಇಲ್ಲ. ಸಿಪ್ಪೆಯ ರಾಶಿಗೆ ಒರಗಿ ಕೂತರು. ಕೊಪ್ಪರಿಗೆ ಖಾಲಿ ನಿಂತಿತ್ತು. ಒಲೆ ತಣ್ಣಗಿತ್ತು. ಗೌಡ ಯಾರು ಯಾರಿಗೋ ಫೋನು ಮಾಡುತ್ತಾ ಅತ್ತಿಂದಿತ್ತ ತಿರುಗಿದ. ಬಿಸಿಲು ಏರಿತು. ನಾಳೆ ಪೊಲೀಸರು ಬರುತ್ತಾರೋ ತಗಡು ಬರುತ್ತದೋ ಯಾರಿಗೂ ಗೊತ್ತಿರಲಿಲ್ಲ.

ಕೆಲಸವಿಲ್ಲದೆ ಬೇಜಾರಾದ ರಂಜಿತ ಜಡೆ ಬಿಚ್ಚಿದಳು. ಕೂದಲನ್ನು ಮುಂದಕ್ಕೆ ಎಳೆದುಕೊಂಡು ಮೂರು ಎಳೆ ಮಾಡಿದಳು. ಎರಡು ಕೈ, ಹತ್ತು ಬೆರಳು. ಬಲಗೈ ಎಳೆ ಎಡಗೈಗೆ, ಎಡಗೈದು ಬಲಗೈಗೆ. ಅವಳು ನೋಡುತ್ತಲೂ ಇರಲಿಲ್ಲ. ಪಕ್ಕದವಳ ಜೊತೆ ಏನೋ ಮಾತಾಡುತ್ತಿದ್ದಳು. ಬೆರಳುಗಳು ತಮ್ಮಷ್ಟಕ್ಕೆ ಹೆಣೆಯುತ್ತಿದ್ದವು.

ಹಲಗೆಯ ಮೇಲಿನ ಇಬ್ಬರೂ ಅದನ್ನೇ ನೋಡುತ್ತಿದ್ದರು.

"ಒಟ್ಟೆ ಉರೀತದೆ ಕಣಮ್ಮಿ, ಅವ್ಳ ನೋಡುದ್ರೆ," ಎಂದಳು ಬೋರಮ್ಮ.

"ನಂಗೂವೆ ಕನಕ್ಕ," ಎಂದಳು ಮಾರಮ್ಮ. "ಉರೀಲಿ. ನಾವ್ ಸಾಯೋಗಂಟ ಇಂಗೇ ಉರೀಲಿ."

ಹೇಳಿ, ಹಲಗೆಯ ಮೇಲೆ ಇನ್ನೂ ಹಿಂದಕ್ಕೆ ಸರಿದು, ಬೆನ್ನನ್ನು ಗಾಣದ ಬಾಯಿಗೆ ಒತ್ತಿ ಕೂತಳು.